ನೋಯದ ಗಾಯ ಬೇಗ ಮಾಯದು

ಮುಂಗೈ ಮೇಲೆ ಮೊಂಡು ಕಡ್ಡಿಯಿಂದ ಒತ್ತಿ ಗೀರೆಳೆಯಿರಿ. ಮೊದಲು ಗೀರು ಕೆಂಪಾಗುತ್ತದೆ. ಆಮೇಲೆ ಕಡ್ಡಿ ತಾಗದ ಆಚೀಚೆಗೂ ಕೆಂಪು ಹರಡುತ್ತದೆ. ಕೊನೆಗೆ ಗೀರು ಉಬ್ಬುತ್ತದೆ. ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1927ರಲ್ಲಿ ವಿವರಿಸಿದ್ದು ಇದನ್ನೇ. ಇಲ್ಲಿ ಹರಡುವ ಕೆಂಪು ನರದ ಕೆಲಸ. ಕುಷ್ಠದಿಂದ ಜೋಮು ಹಿಡಿದ ಮಚ್ಚೆಗೆ, ಚರ್ಮ ಕೆಂಪಾಗಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಚುಚ್ಚಿದರೂ ಆ ಕೆಂಪು ಹರಡುವುದಿಲ್ಲ.

ನೋವಿನ ಸುದ್ದಿ ಮಿದುಳಿಗೆ ಹೊರಟಾಗಲೇ ಅದೇ ನರದ ಪಕ್ಕದ ಕವಲುಗಳಿಗೂ ಹಿಮ್ಮುಖವಾಗಿ ಹರಿಯುತ್ತದೆ. ಆ ತುದಿಗಳಿಂದ ಸಬ್‌ಸ್ಟನ್ಸ್ ಪಿ, ಸಿಜಿಆರ್‌ಪಿ ಎಂಬ ಪೆಪ್ಟೈಡ್‌ಗಳು (ಪುಟ್ಟ ಪ್ರೋಟೀನ್ ತುಣುಕುಗಳು) ಹೊರಬರುತ್ತವೆ. ರಕ್ತನಾಳ ಹಿಗ್ಗುತ್ತದೆ, ಬಿಳಿರಕ್ತಕಣಗಳು ಗಾಯಕ್ಕೆ ಇಳಿಯುತ್ತವೆ, ಮೇಲ್ಚರ್ಮದ ಕೋಶಗಳು ಬೇಗ ಬೇಗ ಇಬ್ಭಾಗವಾಗಿ ಹೆಚ್ಚುತ್ತವೆ. ಚರ್ಮವೂ ಸುಮ್ಮನಿರುವುದಿಲ್ಲ, ಎನ್‌ಜಿಎಫ್ ಎಂಬ ಪ್ರೋಟೀನು ಸ್ರವಿಸಿ ತುಂಡಾದ ನರವನ್ನು ಗಾಯದೊಳಕ್ಕೆ ಕರೆಯುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೊಟ್ಟು ಪ್ರಾಣಿಗಳ ಈ ನರಗಳಲ್ಲಿನ ಪೆಪ್ಟೈಡ್‌ಗಳನ್ನು ಬರಿದು ಮಾಡಿದಾಗ ಗಾಯ ತಡವಾಗಿ ಮುಚ್ಚಿತು.

ತೀರ್ಥಹಳ್ಳಿ, ಹೊಸನಗರದ ಮಳೆಗಾಲದಲ್ಲಿ ಬಚ್ಚಲೊಲೆ ಮುಂದೆ ಕಾಲು ಚಾಚಿ ಚಳಿ ಕಾಯಿಸುವುದು ಸುಖವೇ ಸರಿ. ಆದರೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಿಗೆ ಅದು ಬೇಡ. ಈ ಕಾಯಿಲೆಯಲ್ಲಿ ಉದ್ದನೆಯ ನರಗಳು ತುದಿಯಿಂದ ಕೆಡುತ್ತಾ ಬರುವುದರಿಂದ ಜೋಮು ಕಾಲ್ಬೆರಳಲ್ಲೇ ಶುರು. ಅಂಗಾಲು ಸುಟ್ಟರೂ ತಿಳಿಯದು. ಬೆವರಿನ ನರ ಕೆಟ್ಟು ಹಿಮ್ಮಡಿ ಒಣಗಿ ಬಿರಿಯುತ್ತದೆ. ಅಡಿಕೆ ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡಿದರೆ ಆ ಬಿರುಕಿನಲ್ಲೇ ಸೋಂಕು ಇಳಿಯುತ್ತದೆ. ಎಣ್ಣೆ ಹಚ್ಚಿ, ಬೆರಳ ಸಂದಿಗೆ ಮಾತ್ರ ಬೇಡ.

ಈ ಜೋಮು ಪತ್ತೆಹಚ್ಚುವ ಪರೀಕ್ಷೆ ಸುಲಭ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಹೆಬ್ಬೆರಳಿನ ಅಡಿ ಮತ್ತು ಬೆರಳುಗಳ ಬುಡದ ಉಬ್ಬುಗಳಿಗೆ ಬಾಗುವಷ್ಟು ಒತ್ತಿ, ಒಂದೆರಡು ಸೆಕೆಂಡಿಗೆ ತೆಗೆಯುತ್ತಾರೆ. ಕಣ್ಣು ಮುಚ್ಚಿದವರು ತಾಗಿದ್ದನ್ನು ಹೇಳಬೇಕು. ಆಣಿಯ (ದಪ್ಪಗಟ್ಟಿದ ಚರ್ಮದ) ಮೇಲೆ ಒತ್ತಿದರೆ ಫಲಿತಾಂಶ ತಪ್ಪುತ್ತದೆ. ವರ್ಷಕ್ಕೊಮ್ಮೆ ಇದು ಆಗಲೇಬೇಕು.

ಅಂಗಾಲಿನಲ್ಲಿ ಹುಣ್ಣಾದ ಮೇಲೆ ಮುಲಾಮು ಬದಲಿಸುತ್ತಾ ನಡೆದಾಡುವುದೇ ದೊಡ್ಡ ತಪ್ಪು. ನೋವಿಲ್ಲದ್ದರಿಂದ ಕುಂಟುವುದಿಲ್ಲ, ಪ್ರತಿ ಹೆಜ್ಜೆಯೂ ಎಳೆಯ ಅಂಗಾಂಶವನ್ನು ಜಜ್ಜುತ್ತದೆ. ರಕ್ತ ಹರಿವು ಸರಿಯಿದ್ದರೆ ಭಾರ ತಪ್ಪಿಸುವ ವಿಶೇಷ ಪ್ಲಾಸ್ಟರ್ ಪಟ್ಟಿ ಅಥವಾ ಬೂಟು ಹಾಕುತ್ತಾರೆ. ಹುಣ್ಣಿನ ಸುತ್ತಲಿನ ಗಟ್ಟಿ ಆಣಿಯನ್ನು ವೈದ್ಯರೇ ಕೆತ್ತಬೇಕು, ಮನೆಯ ಬ್ಲೇಡಲ್ಲ. ಮೊಂಡು ಕಡ್ಡಿಯಿಂದ ಹುಣ್ಣಿನ ತಳ ಮುಟ್ಟಿದಾಗ ಮೂಳೆ ಸಿಕ್ಕರೆ ವೈದ್ಯರು ಮೂಳೆಯ ಸೋಂಕನ್ನು ಶಂಕಿಸಿ ಎಕ್ಸ್‌ರೇಗೆ ಬರೆಯುತ್ತಾರೆ.