ನಡೆದರೆ ನೋವು ಜಾಸ್ತಿ ಆಗುತ್ತೆ, ಆದರೂ ನಡೀಬೇಕಾ?

ಪ್ರಶ್ನೆ: ಬಹಳ ದಿನದಿಂದ ಮೈಕೈಯೆಲ್ಲ ನೋವು. ರಾತ್ರಿಯಿಡೀ ಮಲಗಿದರೂ ನಿದ್ದೆ ಆದ ಹಾಗೆ ಅನಿಸುವುದಿಲ್ಲ. ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲ ಸರಿ ಇವೆ. ಫೈಬ್ರೊಮಯಾಲ್ಜಿಯ, ವ್ಯಾಯಾಮ ಮಾಡಿ ಎಂದರು ಡಾಕ್ಟರು. ಉಣಕಲ್ ಕೆರೆ ಕಡೆ ಒಂದು ದಿನ ನಡೆದರೆ ಎರಡು ದಿನ ಏಳೋಕಾಗಲ್ಲ. ಆದರೂ ಮಾಡಬೇಕಾ?

ಮಾಡಬೇಕು ಅಕ್ಕ. ಆದರೆ ಈಗ ಮಾಡುತ್ತಿರುವಷ್ಟಲ್ಲ.

ರಿಪೋರ್ಟ್ ಸರಿ ಇದೆ ಅಂದ ಮಾತ್ರಕ್ಕೆ ನಿಮ್ಮ ನೋವು ಸುಳ್ಳಲ್ಲ. ಇದನ್ನು ಮನೆಯವರಿಗೂ ಓದಿಸಿ. ಈ ತೊಂದರೆಯಲ್ಲಿ ಕೀಲು ಸವೆದಿರುವುದಿಲ್ಲ, ಸ್ನಾಯು ಹರಿದಿರುವುದಿಲ್ಲ. ನೋವನ್ನು ಗುರುತಿಸುವ ನರ ಮತ್ತು ಮಿದುಳು ಅತಿ ಸೂಕ್ಷ್ಮವಾಗಿರುತ್ತವೆ. ಯಾರೋ ಮೆಲ್ಲಗೆ ಭುಜ ಒತ್ತಿದರೂ ಪೆಟ್ಟು ಬಿದ್ದ ಹಾಗಾಗುತ್ತದೆ. ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ.

ಹಾಗಾಗಿ ನಡೆದ ಮೇಲೆ ನೋವು ಹೆಚ್ಚಿದರೆ ಒಳಗೆ ಏನೋ ಕೆಟ್ಟಿತು ಅಂತ ಹೆದರಬೇಡಿ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಮಾತ್ರೆ, ಥೆರಪಿ ಎಲ್ಲವನ್ನೂ ತೂಗಿ ನೋಡಿತು. ಅದು ಗಟ್ಟಿಯಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ.

ಹಾಗಾದರೆ ನಿಮಗೇಕೆ ಆಗುತ್ತಿಲ್ಲ? ನೋವು ಕಡಿಮೆ ಇರುವ ದಿನ ಬಂದರೆ ಸಾಕು, ಬಾಕಿ ಬಟ್ಟೆ ಒಗೆದು, ಬುಟ್ಟಿ ತುಂಬ ರೊಟ್ಟಿ ಬಡಿದು, ಸಂಜೆ ಕೆರೆ ಕಡೆಗೂ ಹೋಗಿಬರುತ್ತೀರಿ, ಅಲ್ವಾ? ಮರುದಿನ ಹಾಸಿಗೆ. ಮಲಗಿದಷ್ಟೂ ಮೈಯ ಕಸುವು ಇಳಿಯುತ್ತದೆ. ಮುಂದಿನ ಸಲ ಅದಕ್ಕಿಂತ ಕಡಿಮೆ ಕೆಲಸಕ್ಕೇ ಸುಸ್ತು.

ಅದಕ್ಕೇ ನೋವು ಜೋರಿರುವ ದಿನವನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಆ ದಿನವೂ ಐದು ನಿಮಿಷ ನಡೆಯಬಲ್ಲಿರಾ? ಐದೇ ನಿಮಿಷ ನಡೆಯಿರಿ. ಕೆರೆ ಬೇಡ, ಓಣಿಯ ತುದಿ ಸಾಕು. ಒಂದೆರಡು ವಾರ ಅಷ್ಟೇ. ಹುಮ್ಮಸ್ಸಿದ್ದರೂ ಆರನೇ ನಿಮಿಷ ಬೇಡ. ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಭಾಗ ಇದೇ. ಆಮೇಲೆ ಒಂದೊಂದೇ ನಿಮಿಷ ಸೇರಿಸಿ. ವಾರಕ್ಕೆ ಎರಡು ಮೂರು ಸಲ, 20ರಿಂದ 30 ನಿಮಿಷ ನಡೆಯುವ ಹಂತಕ್ಕೆ ಬರಲು ತಿಂಗಳುಗಳೇ ಬೇಕಾಗಬಹುದು. ಬೇಕಾಗಲಿ. ನಡೆದ ಮೇಲೆ ಬಂದ ನೋವು ಮರುದಿನಕ್ಕೆ ಇಳಿದರೆ ಅಳತೆ ಸರಿ ಇದೆ. ಎರಡು ದಿನ ಉಳಿದರೆ ಸ್ವಲ್ಪ ಇಳಿಸಿ. ಪೂರ್ತಿ ಬಿಡಬೇಡಿ.

ಅಡುಗೆಮನೆಗೂ ಇದೇ ಲೆಕ್ಕ. ನಾಲ್ಕು ರೊಟ್ಟಿ ಬಡಿದು ಕೂತುಕೊಳ್ಳಿ, ಮತ್ತೆ ನಾಲ್ಕು. ನೋವು ಬಂದ ಮೇಲೆ ಅಲ್ಲ, ಬರುವ ಮೊದಲೇ ಕೂರಬೇಕು. ಬ್ಯಾಡಗಿ ಕಡೆ ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ತೆಗೆಯುವವರಿಗೆ ಈ ನೋವಿದ್ದರೆ, ಅವರು ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಬೇಕು.

ನಡಿಗೆ ಒಗ್ಗಿದ ಮೇಲೆ ಕಸುವಿನ ವ್ಯಾಯಾಮ: ಕೈ ಊರದೆ ಕುರ್ಚಿಯಿಂದ ಏಳುವುದು, ನಿಂತು ಗೋಡೆ ತಳ್ಳುವುದು. ಇದನ್ನು ಫಿಸಿಯೋಥೆರಪಿಸ್ಟ್ ಎದುರು ಕಲಿಯುವುದು ಒಳ್ಳೆಯದು. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ಇದೆ. ನಿಧಾನದ ಯೋಗವೂ ಆಗುತ್ತದೆ. ಬಿಸಿನೀರಿನ ಸ್ನಾನ ಬಿಗಿತ ಸಡಿಲಿಸುತ್ತದೆ, ಆದರೆ ಅದೊಂದೇ ಸಾಲದು.

ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ, ಸ್ಟೀರಾಯ್ಡ್ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ, ಹೊಟ್ಟೆ ಕೆಡುತ್ತದೆ. ನಿದ್ದೆಗೂ ನೋವಿಗೂ ಬೇರೆ ಔಷಧಿಗಳಿವೆ, ಡಾಕ್ಟರನ್ನು ಕೇಳಿ. ಕೀಲು ಊದಿದರೆ, ಜ್ವರ ಬಂದರೆ, ಸುಮ್ನೆ ತೂಕ ಇಳಿದರೆ, ಕೈಕಾಲಿನ ಶಕ್ತಿ ಹೋದರೆ ಅದನ್ನು ಫೈಬ್ರೊಮಯಾಲ್ಜಿಯ ತಲೆಗೆ ಕಟ್ಟಬೇಡಿ. ಕೂಡಲೇ ಹೋಗಿ ತೋರಿಸಿ.