‘ನಾವು ಅರಿತಂತೆ ದೇವರು’: ಈ ಮಾತು ಎಲ್ಲಿಂದ ಬಂತು?

ಬೆಂಗಳೂರಿನ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ, ಕುಡಿತ ಬಿಡಲು ಬಯಸುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಮೀಟಿಂಗಿಗೆ ಮೊದಲ ಸಲ ಕೂತಾಗ ಯಾರೋ ನನಗೆ ಟೀ ತಂದುಕೊಟ್ಟರು. ಅರ್ಧ ಲೋಟ ಮಾತ್ರ. ನನ್ನ ಕೈ ನಡುಗುವುದನ್ನು ಅವರು ನೋಡಿದ್ದರು, ತುಂಬಿಸಿದರೆ ಚೆಲ್ಲುತ್ತೆ ಅಂತ ಅವರಿಗೆ ಗೊತ್ತಿತ್ತು, ಯಾಕಂದ್ರೆ ಅವರ ಕೈಯೂ ಒಂದು ಕಾಲದಲ್ಲಿ ಹಾಗೇ ನಡುಗಿತ್ತು. ಗೋಡೆಯ ಮೇಲೆ, ಕುಡಿತದಿಂದ ಹೊರಬರಲು ಆ ಕೂಟ ಅನುಸರಿಸುವ ಹನ್ನೆರಡು ಹಂತಗಳು. ಮೂರನೆಯದರಲ್ಲೇ ಸಿಕ್ಕಿಕೊಂಡೆ: ನಮ್ಮ ಇಚ್ಛೆಯನ್ನೂ ಬದುಕನ್ನೂ, ದೇವರನ್ನು ನಾವು ಅರಿತಂತೆ, ಆತನ ಕೈಗೆ ಒಪ್ಪಿಸಲು ತೀರ್ಮಾನಿಸಿದೆವು. ದೇವರ ಮೇಲೆ ನನಗೆ ಸಿಟ್ಟಿತ್ತು. ಎದ್ದು ಹೋಗೋಣ ಅನ್ನಿಸಿತು.

ಆ ಸಾಲಿನ ಕಥೆ ಗೊತ್ತಾದ ಮೇಲೆ ಸಿಟ್ಟು ಇಳಿಯಿತು. 1934ರ ಕೊನೆಯಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಮನೆಗೆ ಹಳೇ ಕುಡಿತದ ಗೆಳೆಯ ಎಬಿ ಥ್ಯಾಚರ್ ಬಂದ. ಕುಡಿದಿರಲಿಲ್ಲ! ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟ ಸೇರಿ ತನ್ನನ್ನು ದೇವರಿಗೆ ಒಪ್ಪಿಸಿಕೊಂಡಿದ್ದ. ಬಿಲ್‌ಗೆ ದೇವರ ಮಾತು ರುಚಿಸಲಿಲ್ಲ. ಹಾಗಾದ್ರೆ ನಿನ್ನ ಮನಸ್ಸಿಗೆ ಒಪ್ಪುವ ದೇವರನ್ನು ನೀನೇ ಆರಿಸಿಕೋ ಎಂದ ಗೆಳೆಯ. ಡಿಸೆಂಬರಿನಲ್ಲಿ ಬಿಲ್ ಆಸ್ಪತ್ರೆ ಸೇರಿ ಕುಡಿತ ಬಿಟ್ಟ. ಮರುವರ್ಷ ಆಕ್ರನ್ ಊರಿನ ಸರ್ಜನ್ ಬಾಬ್ ಸ್ಮಿತ್ ಜೊತೆಯಾದ. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹೀಗೆ. ಹಂತಗಳನ್ನು ಬರೆಯುವಾಗ ‘ದೇವರು’ ಪದಕ್ಕೆ ಜೋರು ವಾದ ನಡೆಯಿತು, ನಾಸ್ತಿಕ ಸದಸ್ಯರು ಪಟ್ಟು ಹಿಡಿದರು, ಅದರಿಂದಲೇ ‘ನಾವು ಅರಿತಂತೆ’ ಸೇರಿಕೊಂಡಿತು. 1939ರಲ್ಲಿ ಅಚ್ಚಾಯಿತು. ಜಗಳದಿಂದ ಬಂದ ಆ ಎರಡು ಪದ ಎಷ್ಟು ಜನರ ಜೀವ ಉಳಿಸಿದೆಯೋ!

ನಮ್ಮಲ್ಲಿ ಇದು ಹೊಸದೇನಲ್ಲ ಅಲ್ವಾ? ‘ಶರಣ’ ಅನ್ನುವ ಪದದಲ್ಲೇ ಒಪ್ಪಿಸಿಕೊಳ್ಳುವುದು ಇದೆ. 12ನೇ ಶತಮಾನದ ಆ ಶರಣರ ನಡುವೆ ಹೆಂಡ ಮಾರುತ್ತಿದ್ದ ಮಾರಯ್ಯನವರೂ ಇದ್ದರು.

ಒಂದು ಮಾತು: ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರನ್ನು ನೋಡಿ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ.

ಇನ್ನು ಕುಡಿತ ಬಿಟ್ಟ ಮೇಲಿನ ಖುಷಿ. ಕುಡಿಯುವವನ ದಿನವೆಲ್ಲ ಲೆಕ್ಕಾಚಾರ: ದುಡ್ಡು ಎಲ್ಲಿಂದ, ಬಾಟಲಿ ಎಲ್ಲಿ ಬಚ್ಚಿಡೋದು, ಮನೆಯಲ್ಲಿ ಏನು ಹೇಳೋದು. ಬಿಡ್ತೀನಿ ಅಂತ ಮಗಳ ತಲೆ ಮುಟ್ಟಿ ಆಣೆ ಮಾಡಿದ್ದೆ, ನಾಲ್ಕು ದಿನಕ್ಕೆ ಮುರಿದಿದ್ದೆ. ಕೊನೆಗೆ ‘ನನ್ನ ಕೈಲಾಗಲ್ಲ, ಇವತ್ತೊಂದು ದಿನ ನೀನೇ ನೋಡ್ಕೊಳ್ಳಪ್ಪ’ ಅನ್ನೋದು ಅಭ್ಯಾಸವಾಯಿತು. ಒಂದು ಬೆಳಿಗ್ಗೆ ಹಾಲಿನ ಬೂತಿನ ಮುಂದೆ ನಿಂತಿದ್ದೆ. ಇವತ್ತು ಮನೆಯಲ್ಲಿ ಹೇಳೋಕೆ ಒಂದೂ ಸುಳ್ಳು ಬೇಕಿಲ್ಲ ಅಂತ ಹೊಳೆಯಿತು. ಸುಮ್ನೆ ನಗು ಬಂತು. ಎರಡು ಪ್ಯಾಕೆಟ್ ಹಾಲು ತಗೊಂಡು ಮನೆಗೆ ನಡೆದೆ.