ಗಡ್ಡೆ ಚಿಕ್ಕದು ಅಂತಾರೆ, ಮತ್ತೆ ಫಿಟ್ಸ್ ಯಾಕೆ ಬಂತು?

ಪ್ರಶ್ನೆ: ನಮ್ಮ ಚಿಕ್ಕಪ್ಪನಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬಂತು. ಎಂಆರ್‌ಐ ಮಾಡಿಸಿದಾಗ ಮೆದುಳಿನಲ್ಲಿ ಗಡ್ಡೆ ಕಾಣಿಸಿತು. ಚಿಕ್ಕದು, ನಿಧಾನವಾಗಿ ಬೆಳೆಯುವಂಥದ್ದು ಅಂತ ಡಾಕ್ಟರು ಹೇಳಿದ್ದಾರೆ. ಹಾಗಿದ್ದ ಮೇಲೆ ಫಿಟ್ಸ್ ಯಾಕೆ? ಗಡ್ಡೆ ಒತ್ತುವುದರಿಂದಲೇ?

ಉತ್ತರ: ಒತ್ತುವುದರ ಪಾಲೂ ಸ್ವಲ್ಪ ಇದೆ. ಆದರೆ ಮುಖ್ಯ ಕಾರಣ ಅದಲ್ಲ.

ಫಿಟ್ಸ್ ಅಂದರೆ ನರಕೋಶಗಳ ದೊಡ್ಡ ಗುಂಪೊಂದು ಹಿಡಿತ ತಪ್ಪಿ, ಒಟ್ಟಿಗೇ ವಿದ್ಯುತ್ ಸಂಕೇತ ಹೊರಡಿಸುವುದು. ಗ್ಲಯೋಮಾದಂಥ ಗಡ್ಡೆಯಲ್ಲಿ ಇರುವುದು ನರಕೋಶಗಳಲ್ಲ, ಅವುಗಳಿಗೆ ನೆರವಾಗುವ ಬೇರೆ ಜಾತಿಯ ಕೋಶಗಳಿಂದ ಹುಟ್ಟಿದ ಕೋಶಗಳು. ಹಾಗಾಗಿ ಫಿಟ್ಸ್ ಸಾಮಾನ್ಯವಾಗಿ ಗಡ್ಡೆಯ ಒಳಗೆ ಹುಟ್ಟುವುದಿಲ್ಲ. ಅದರ ಅಂಚಿಗೆ ಅಂಟಿಕೊಂಡಿರುವ, ನೋಡೋಕೆ ಚೆನ್ನಾಗಿಯೇ ಇರುವ ಮೆದುಳಿನ ಹೊರಪದರದಲ್ಲಿ ಹುಟ್ಟುತ್ತದೆ. (ಕೆಲವು ಅಪರೂಪದ ಗಡ್ಡೆಗಳಲ್ಲಿ ನರಕೋಶಗಳೂ ಬೆರೆತಿರುತ್ತವೆ, ಅವುಗಳ ಲೆಕ್ಕ ಬೇರೆ.)

ಆದ್ದರಿಂದ ಗಾತ್ರಕ್ಕಿಂತ ಜಾಗ ಮುಖ್ಯ. 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲೀ ಎಂಬ ಸರ್ಜನ್ ಸ್ಕಾಟ್ಲೆಂಡಿನ 25 ವರ್ಷದ ರೈತನೊಬ್ಬನ ತಲೆಬುರುಡೆ ತೆರೆದರು. ಆಗ ಸ್ಕ್ಯಾನ್ ಹಾಗಿರಲಿ, ಎಕ್ಸ್‌ರೇ ಕೂಡ ಇರಲಿಲ್ಲ. ಆತನಿಗೆ ಮುಖದ ಎಡಭಾಗ ಮತ್ತು ಎಡಗೈ ಅದುರುತ್ತಿತ್ತು, ಕೈಯಲ್ಲಿ ಶಕ್ತಿ ಕಡಿಮೆಯಾಗುತ್ತಾ ಬಂದಿತ್ತು. ಇಂಥ ಲಕ್ಷಣ ನೋಡಿಯೇ ಹ್ಯೂಸ್ ಬೆನೆಟ್ ಎಂಬ ವೈದ್ಯರು, ಮೆದುಳಿನ ಬಲಭಾಗದಲ್ಲಿ, ಎಡಗೈಯನ್ನು ಆಡಿಸುವ ಜಾಗದ ಹತ್ತಿರ ಗಡ್ಡೆ ಇದೆ ಅಂತ ಲೆಕ್ಕ ಹಾಕಿದ್ದರು. ತೆರೆದು ನೋಡಿದರೆ ಅಲ್ಲೇ ಇತ್ತು. ತೆಗೆದ ಮೇಲೆ ಫಿಟ್ಸ್ ನಿಂತಿತು. ಪಾಪ, ಒಂದು ತಿಂಗಳೊಳಗೆ ಸೋಂಕಿನಿಂದ ಆತ ತೀರಿಕೊಂಡ. ಅದೇ ಗಡ್ಡೆ ತಲೆಯ ಹಿಂಬದಿಯ ಕಿರುಮೆದುಳಿನಲ್ಲಿ ಆಗಿದ್ದರೆ ಫಿಟ್ಸ್ ಬರುವ ಸಾಧ್ಯತೆ ತೀರಾ ಕಡಿಮೆ ಇರುತ್ತಿತ್ತು.

ಸರಿ, ಅಂಚಿನಲ್ಲಿ ಆಗುವುದೇನು? ಮೆದುಳಿನಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಇದೆ. ನರಕೋಶವನ್ನು ಕೆರಳಿಸುವುದು ಅದರ ಕೆಲಸ. ಗ್ಲಯೋಮಾ ಕೋಶ ತನ್ನ ರಕ್ಷಣೆಗೆ ಬೇಕಾದ ಸಿಸ್ಟೀನ್ ಎಂಬ ವಸ್ತುವನ್ನು ಒಳಗೆ ಎಳೆದುಕೊಳ್ಳುತ್ತದೆ, ಬದಲಿಗೆ ಗ್ಲುಟಮೇಟನ್ನು ಹೊರಗೆ ಬಿಡುತ್ತದೆ. ಮಾಮೂಲಿಯಾಗಿ ಹೆಚ್ಚಾದ ಗ್ಲುಟಮೇಟನ್ನು ಆಸ್ಟ್ರೋಸೈಟ್ ಎಂಬ ಸಹಾಯಕ ಕೋಶಗಳು ಹೀರಿಕೊಂಡು ಬಿಡುತ್ತವೆ. ಗಡ್ಡೆಯ ಪಕ್ಕದಲ್ಲಿ ಅವುಗಳಿಗೂ ಆ ಶಕ್ತಿ ಕುಂದಿರುತ್ತದೆ. ನಲ್ಲಿ ಪೂರ್ತಿ ಬಿಟ್ಟು ಬಚ್ಚಲ ಮೋರಿಗೆ ಬಟ್ಟೆ ತುರುಕಿದ ಹಾಗೆ.

ಹಾಗಾದರೆ ಕೆರಳಿದ್ದನ್ನು ತಣಿಸೋರು ಇಲ್ವಾ? ಇದ್ದಾರೆ, ಆದರೆ ಅವರೂ ಕೈ ಕೊಡುತ್ತಾರೆ. ನನಗೆ ತುಂಬ ವಿಚಿತ್ರ ಅನ್ನಿಸುವ ಭಾಗ ಇದೇ. ನರಕೋಶಗಳನ್ನು ಸುಮ್ಮನಾಗಿಸುವ ರಾಸಾಯನಿಕ ಗಾಬಾ. ಗಡ್ಡೆಯ ಸುತ್ತಲಿನ ಕೆಲವು ನರಕೋಶಗಳಲ್ಲಿ ಕ್ಲೋರೈಡ್ ಎಂಬ ಲವಣಾಂಶವನ್ನು ಹೊರಹಾಕುವ ಪಂಪು ಕಡಿಮೆಯಾಗಿ, ಕ್ಲೋರೈಡ್ ಒಳಗೇ ಜಮಾ ಆಗುತ್ತದೆ. ಆಮೇಲೆ ಗಾಬಾ ಬಂದರೆ ಕೋಶ ತಣಿಯುವ ಬದಲು ಇನ್ನಷ್ಟು ಕೆರಳಬಹುದು. ಸಾಲದ್ದಕ್ಕೆ, ಗಾಬಾ ಬಿಡುವ ವೇಗದ ನರಕೋಶಗಳ ಸುತ್ತ ಇರುವ ಬಲೆಯಂಥ ಹೊದಿಕೆಯನ್ನು ಗಡ್ಡೆಯ ಕಿಣ್ವಗಳು ಕರಗಿಸುತ್ತವೆ. ಹೊದಿಕೆ ಹೋದರೆ ಅವುಗಳ ವೇಗವೂ ಹೋಗುತ್ತದೆ. ಇಲಿಗಳಲ್ಲಿ ಇದನ್ನು 2018ರಲ್ಲಿ ತೋರಿಸಿದರು. ಊತ, ರಕ್ತ ಒಸರುವುದು, ಅದರ ಕಬ್ಬಿಣದ ಅಂಶ ಉಳಿಯುವುದು, ಇವೂ ಸೇರಿಕೊಳ್ಳುತ್ತವೆ.

ಈಗ ನಿಮ್ಮ ಚಿಕ್ಕಪ್ಪನ ವಿಷಯಕ್ಕೆ ಬರೋಣ. ನಿಧಾನದ ಗಡ್ಡೆ ಅಂದರೆ ಫಿಟ್ಸ್ ಕಡಿಮೆ ಅಂತ ಅನ್ನಿಸುವುದು ಸಹಜ, ಆದರೆ ನಿಜ ಉಲ್ಟಾ. ನಿಧಾನವಾಗಿ ಬೆಳೆಯುವ ಗ್ಲಯೋಮಾ ಇರುವವರಲ್ಲಿ ಸುಮಾರು ಶೇ. 60ರಿಂದ 90 ಮಂದಿಗೆ ಫಿಟ್ಸ್ ಬರುತ್ತದೆ. ವೇಗವಾಗಿ ಬೆಳೆಯುವ ಗ್ಲಯೋಬ್ಲಾಸ್ಟೋಮಾದಲ್ಲಿ ಅದು ಶೇ. 30ರಿಂದ 60. ನಿಧಾನದ ಗಡ್ಡೆಯ ಸುತ್ತ ನರಕೋಶಗಳು ಸಾಯದೆ ಉಳಿದಿರುತ್ತವೆ. ವರ್ಷಗಟ್ಟಲೆ ಕೆರಳುತ್ತಾ, ಹೊಸ ಹೊಸ ಸಂಪರ್ಕ ಬೆಳೆಸುತ್ತಾ ಇರುತ್ತವೆ. ಜೊತೆಗೆ ಇಂಥ ಗಡ್ಡೆಗಳಲ್ಲಿ ಐಡಿಎಚ್ ಎಂಬ ಜೀನ್ ಕೆಟ್ಟಿರುವುದು ಜಾಸ್ತಿ. ಅದರಿಂದ ಹುಟ್ಟುವ ಒಂದು ವಸ್ತು ರೂಪದಲ್ಲಿ ಗ್ಲುಟಮೇಟ್‌ನ ಹಾಗೇ ಇದ್ದು, ನರಕೋಶಗಳನ್ನು ಕೆರಳಿಸಬಲ್ಲದು.

ಫಿಟ್ಸ್ ಬಂದ ಎಲ್ಲರಿಗೂ ಗಡ್ಡೆ ಇರುತ್ತದೆ ಅಂತ ಖಂಡಿತ ಅಲ್ಲ. ನಮ್ಮ ದೇಶದಲ್ಲಿ ಲಾಡಿಹುಳದ ಮರಿ ಮೆದುಳು ಸೇರಿ ಫಿಟ್ಸ್ ಬರುವುದೂ ಮಾಮೂಲು. ಆದರೆ ದೊಡ್ಡವರಾದ ಮೇಲೆ ಮೊದಲ ಸಲ ಬಂದರೆ ಸ್ಕ್ಯಾನ್ ಬೇಕೇ ಬೇಕು.

ಮನೆಯಲ್ಲಿ ಮತ್ತೆ ಬಂದರೆ ಕೈಗೆ ಬೀಗದ ಕೈ, ಕಬ್ಬಿಣ ಕೊಡುತ್ತಾ ಸಮಯ ಕಳೆಯಬೇಡಿ. ಅದರಿಂದ ಏನೂ ಆಗುವುದಿಲ್ಲ. ಬಾಯಿಗೆ ಚಮಚವನ್ನೂ ಹಾಕಬೇಡಿ, ನೀರನ್ನೂ ಕುಡಿಸಬೇಡಿ. ಶುರುವಾದ ಕೂಡಲೇ ಗಡಿಯಾರ ನೋಡಿ, ಅದುರಾಟ ಕಡಿಮೆಯಾಗುತ್ತಲೇ ಒಂದು ಮಗ್ಗುಲಿಗೆ ಮಲಗಿಸಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ.

ಮಾತ್ರೆಯ ಬಗ್ಗೆ ಒಂದು ಮಾತು. ಗಡ್ಡೆ ಇದ್ದವರಿಗೆ ಫಿಟ್ಸ್ ತಡೆಯಲು ಈಗ ಹೆಚ್ಚಾಗಿ ಲೆವೆಟಿರಾಸೆಟಮ್ ಎಂಬ ಮಾತ್ರೆ ಕೊಡುತ್ತಾರೆ. ಅದು ಕೀಮೋ ಔಷಧಿಗಳ ಜೊತೆ ಅಷ್ಟಾಗಿ ತಕರಾರು ಮಾಡುವುದಿಲ್ಲ. ಕೆಲವರಿಗೆ ಸಿಡುಕು ಜಾಸ್ತಿಯಾಗುತ್ತದೆ. ಚಿಕ್ಕಪ್ಪ ಸುಮ್‌ಸುಮ್ನೆ ರೇಗಾಡಲು ಶುರು ಮಾಡಿದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆಗಳಿವೆ. ಆಪರೇಷನ್ ಆಯಿತಲ್ಲ ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಗಡ್ಡೆ ತೆಗೆದರೂ ಕೆರಳಿದ ಅಂಚು ಸ್ವಲ್ಪ ಉಳಿದಿರಬಹುದು.